30 ಲೀಟರಿನ ಪೀಪಾಯಿ

ನಮ್ಮ ದೇವಾಲದಲ್ಲಿ ಬಿಯರ್ ಅಂದ್ರೆ ಟಾಸ್ಮಾಕ್ ಅಂಗಡಿಯ ಬಾಟಲಿ, ಅಷ್ಟೇ. ಪೀಪಾಯಿಯಲ್ಲಿ ಬರೋದನ್ನು ನಾನು ಕಣ್ಣಾರೆ ಕಂಡಿದ್ದು ಕಳೆದ ಬೇಸಿಗೆ ರಜೆಯಲ್ಲಿ, ಮೈಸೂರಿನಲ್ಲಿ ಅಕ್ಕನ ಮಗನ ಹೊಸ ಮನೆಯ ತಾರಸಿ ಮೇಲೆ. ಗೃಹಪ್ರವೇಶದ ಮಾರನೇ ದಿನ ಗೆಳೆಯರಿಗೆ ಪಾರ್ಟಿ. ಅಬಕಾರಿ ಇಲಾಖೆಯ ಸಿಎಲ್-5 ಪರವಾನಗಿ, ಕೆಗ್‌ಗೆ ಠೇವಣಿ, ಗ್ಯಾಸ್ ಸಿಲಿಂಡರು, ನಲ್ಲಿ... ಮದುವೆಗೆ ಓಡಾಡಿದಷ್ಟು ಓಡಾಡಿದ್ದ!

ಸ್ಟೀಲಿನ ಕೆಗ್, ತುಂಬಿದಾಗ 40 ಕೆಜಿ ಹತ್ತಿರ. ಹುಡುಗರು ಬಿಸಿಲಲ್ಲಿ ಕುಲುಕಾಡಿಸಿ ಹೊತ್ತು ತಂದು ಕೂಡಲೇ ನಲ್ಲಿ ತಿರುಗಿಸಿದರು. ಲೋಟದ ತುಂಬಾ ಬರೀ ನೊರೆ. ಮೇಷ್ಟ್ರ ಬುದ್ಧಿ ಸುಮ್ಮನಿರುತ್ತಾ? "ತಣ್ಣಗಿದ್ರೇ ಕಾರ್ಬನ್ ಡೈ ಆಕ್ಸೈಡ್ ಕರಗಿ ನಿಲ್ಲೋದು, ಐಸ್ ಹಾಕಿ ಅಲುಗಾಡಿಸದೆ ಬಿಡಿ" ಅಂದೆ. ಎರಡು ಗಂಟೆ ಬಿಟ್ಟು ನೋಡಿದರೆ ಸರಿಹೋಗಿತ್ತು. ಕುಡಿಯದ ನಾನು ಕುಡಿಯುವವರಿಗೆ ಪಾಠ ಮಾಡಿದ್ದಕ್ಕೆ ಅಕ್ಕ ಗುರಾಯಿಸಿದಳು.

ಹಾಗೆ ನೋಡಿದರೆ ನಮ್ಮ ನೀಲಗಿರಿಗೆ ಪೀಪಾಯಿ ಹೊಸದಲ್ಲ. ಇಲ್ಲಿನ ಕ್ಯಾಸಲ್ ಬ್ರೂವರಿ 1857ರದ್ದು. 1915ರಲ್ಲಿ ಥಾಮಸ್ ಲೀಶ್‌ಮನ್ ಅದನ್ನೂ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆಗ ಬ್ರಿಟಿಷ್ ಸೈನಿಕರಿಗೆ ಬಿಯರ್ ಹೋಗುತ್ತಿದ್ದುದು ಎತ್ತಿನಗಾಡಿಯಲ್ಲಿ, ದೊಡ್ಡ ಪೀಪಾಯಿಗಳಲ್ಲಿ. ದಂಡಿಗೆ ಸರಿ. ಮನೆಗೆ?

ಬಾಟಲಿಯಾದರೆ ಎಷ್ಟಾಯಿತು ಅಂತ ಎದುರಿಗಿರುವ ಖಾಲಿ ಬಾಟಲಿಗಳೇ ಹೇಳುತ್ತವೆ. ಕೆಗ್‌ನಲ್ಲಿ ಲೆಕ್ಕ ಸಿಗೋದಿಲ್ಲ, ಲೋಟ ತುಂಬುತ್ತಲೇ ಇರುತ್ತೆ. ದುಡ್ಡು ಕೊಟ್ಟಾಗಿದೆ, ಮುಗಿಸಲೇಬೇಕು ಅನ್ನೋ ಹಟ ಬೇರೆ. 15 ಜನಕ್ಕೆ 30 ಲೀಟರು ಅಂದ್ರೆ ತಲೆಗೆ ಎರಡು ಲೀಟರು, ಮೂರು ದೊಡ್ಡ ಬಾಟಲಿ!

ಅವರಲ್ಲೊಬ್ಬ ನನ್ನ ಹಳೇ ವಿದ್ಯಾರ್ಥಿ, ಈಗ ಅಕ್ಕನ ಮಗನ ಜೊತೆ ಕೆಲಸದಲ್ಲಿದ್ದಾನೆ. ಏಳು ಗಂಟೆಗೆ ಎದ್ದ. "ಒಂಬತ್ತಕ್ಕೆ ಬಂಡೀಪುರದ ಗೇಟ್ ಹಾಕ್ತಾರೆ ಸಾರ್, ಅಷ್ಟರಲ್ಲಿ ದಾಟಿ ಊರು ಸೇರ್ಕೋತೀನಿ." ಎಷ್ಟು ಕುಡಿದೆ ಅಂತ ಕೇಳಿದರೆ "ಮೂರೋ, ಐದೋ" ಅಂದ. ಇಪ್ಪತ್ತರ ಮಗ್ಗಿ ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ಬೈಕಿನ ಕೀ ಕೇಳಿದೆ, ಕೊಡಲಿಲ್ಲ. ನಾನೇ ಅವನ ಜೇಬಿಗೆ ಕೈಹಾಕಿ ತೆಗೆದುಕೊಂಡೆ.

"ನಾನೀಗ ನಿಮ್ಮ ಕ್ಲಾಸಲ್ಲಿಲ್ಲ ಸಾರ್" ಅಂದ, ಎಲ್ಲರೆದುರು. ಏನು ಹೇಳೋದು ಅಂತ ತೋಚಲಿಲ್ಲ. ಕೀ ಮಾತ್ರ ಕೊಡಲಿಲ್ಲ.

ಬೆಳಿಗ್ಗೆ ನೋಡಿದರೆ ಕೆಗ್ ಇನ್ನೂ ಭಾರವಾಗಿತ್ತು. ಗ್ಯಾಸ್ ಒತ್ತಡದಲ್ಲಿ ತಣ್ಣಗಿಟ್ಟರೆ ಹಲವು ದಿನ ಕೆಡೋದಿಲ್ಲ. ಆದರೆ ಪರವಾನಗಿ ಒಂದೇ ದಿನದ್ದು, ಕೆಗ್ ವಾಪಸ್ ಕೊಡದೆ ಠೇವಣಿ ಬರೋದಿಲ್ಲ. ಉಳಿದದ್ದನ್ನೆಲ್ಲ ಬಚ್ಚಲಿಗೆ ಸುರಿದರು.

ಹತ್ತು ಗಂಟೆ ಮೇಲೆ ಅವನ ಬೈಕಿನಲ್ಲೇ ನಾನೂ ಹೊರಟೆ. ಗುಂಡ್ಲುಪೇಟೆವರೆಗೂ ಒಂದು ಮಾತಿಲ್ಲ. ಅಲ್ಲಿ ಗಾಡಿ ನಿಲ್ಲಿಸಿ, "ಟೀ ಕುಡೀತೀರಾ ಸಾರ್?" ಅಂದ.