ಚೂರಿಯ ಹದ

ಸುಶಿಕ್ಷಿತರ ಮನೆಗಳಲ್ಲಿ ಕಬ್ಬಿಣಕ್ಕೆ ವರ್ಷದಲ್ಲಿ ಒಂದೇ ದಿನದ ಮರ್ಯಾದೆ. ಖಂಡೇನವಮಿಯ ದಿನ ಈಳಿಗೆ, ಕತ್ತರಿ, ಅಡಕೊತ್ತುಗಳನ್ನು ತೊಳೆದು ಮಣೆಯ ಮೇಲಿರಿಸಿ ಅರಿಸಿನ-ಕುಂಕುಮ ಏರಿಸುವರು. ಮರುದಿನ ಈಳಿಗೆಯು ತನ್ನ ಮೂಲೆಯನ್ನು ಸೇರುವದು. ಅದನ್ನು ಮಾಡಿದವರು ಯಾರು, ಅದರ ಅಲಗು ಹರಿತವಾಗಿ ನಿಲ್ಲುವದೇಕೆ ಎಂಬ ಪ್ರಶ್ನೆಯು ಪೂಜಿಸಿದವರ ಮನಸ್ಸಿಗೆ ಬಾರದು. ಹೀಗಿರಲು, ಲೇಖನಿಯಿಂದಲೇ ಬದುಕುವ ಅಲ್ಲೊಬ್ಬ ಇಲ್ಲೊಬ್ಬ ಗೃಹಸ್ಥನು ಬಿಡುವಿನ ವೇಳೆಯಲ್ಲಿ ಹಿತ್ತಲಿನಲ್ಲಿ ಕುಲುಮೆ ಹೂಡಿ ಸ್ವತಃ ಚೂರಿ ಮಾಡಹತ್ತಿರುವದು ವಿಚಾರಾರ್ಹವಾದ ಸಂಗತಿಯೇ ಸರಿ. ಇದಕ್ಕೆ ಹವ್ಯಾಸವೆಂದು ಹೆಸರು. ಇದೇ ಶಬ್ದವು ಮರಾಠಿಯಲ್ಲಿ ಅತಿಯಾಸೆಯೆಂಬರ್ಥವನ್ನು ಕೊಡುವದು. ಹೊಸದಾಗಿ ಸುತ್ತಿಗೆ ಹಿಡಿದವನನ್ನು ನೋಡಿದರೆ ಎರಡರ್ಥವೂ ಸಲ್ಲುವವೆಂದು ತೋರುವದು.

ಹುಬ್ಬಳ್ಳಿಯಂಥ ಊರಿನಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. 1880ರ ದಶಕದಲ್ಲಿ ರೇಲ್ವೆ ಕಾರಖಾನೆಯು ಬಂದಂದಿನಿಂದ ಅದು ಕಬ್ಬಿಣದ ಸಪ್ಪಳಕ್ಕೆ ಕಿವಿಗೊಟ್ಟ ಊರು. ಗುಜರಿಯಲ್ಲಿ ಲಾರಿಯ ಕಮಾನುಪಟ್ಟಿಯ ತುಂಡೋ, ಹಲ್ಲು ಸವೆದ ಅರವೋ ದೊರೆತರೆ ಸಾಕು. ಕಮಾನುಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲವಿರುವದು, ಅರದಲ್ಲಿ ಒಂದು ಪಾಲಿನ ಆಸುಪಾಸು. ಈ ಅತ್ಯಲ್ಪವಾದ ಇಂಗಾಲವಿಲ್ಲದ ಮೆತು ಕಬ್ಬಿಣವನ್ನು ವರ್ಷಗಟ್ಟಲೆ ಬಡಿದರೂ ಅದು ಹದ ಹಿಡಿಯಲಾರದು.

ಕಾಸುವದು, ಬಡಿಯುವದು, ಅರದಿಂದ ಉಜ್ಜಿ ಆಕಾರ ಕೊಡುವದು, ಇವು ತಾಳ್ಮೆಯ ಕೆಲಸಗಳು. ನಿಜವಾದ ಪರೀಕ್ಷೆಯು ಆಮೇಲಿನದು. ಅಲಗನ್ನು ಕೆಂಪಗೆ ಕಾಸಬೇಕು. ಸೆಂಟಿಗ್ರೇಡ್ ಮಾನದಲ್ಲಿ 770 ಡಿಗ್ರಿಯ ಸುಮಾರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವದನ್ನು ಬಿಡುವದು. ಅದಕ್ಕಿಂತ ತುಸು ಮೇಲೇರಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಆಗ ಅಲಗು ಬಲು ಗಡುಸಾಗುವದು, ಆದರೆ ಗಾಜಿನಂತೆ ಪೆಡಸು. ಕೈಜಾರಿ ನೆಲಕ್ಕೆ ಬಿದ್ದರೆ ಎರಡು ತುಂಡು. ಆದುದರಿಂದ ಅದನ್ನು ಬೆಳಗಿ, ಮತ್ತೆ 200 ಡಿಗ್ರಿಯ ಮೇಲೆ ಮೆಲ್ಲಗೆ ಕಾಸುವರು. ಬೆಳಗಿದ ಮೈಮೇಲೆ ಒಣಹುಲ್ಲಿನ ಹಳದಿಯು ಮೂಡಿದೊಡನೆ ನಿಲ್ಲಿಸಬೇಕು. ಹಳದಿಯು ಹೋಗಿ ನೇರಿಳೆ, ನೇರಿಳೆಯು ಹೋಗಿ ನೀಲಿಯಾಯಿತೋ, ಅದು ಸ್ಪ್ರಿಂಗಿಗೆ ತಕ್ಕ ಹದವೇ ಹೊರತು ಚೂರಿಗೆ ತಕ್ಕದಲ್ಲ. ವಾರದ ದುಡಿಮೆಯು ನಿಮಿಷದಲ್ಲಿ ಹಾಳು.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣವೆಂಬ ಅಧ್ಯಾಯವುಂಟು. ಆಯುಧಕ್ಕೆ ಏನನ್ನು ಕುಡಿಸಬೇಕೆಂಬದನ್ನು ಅಲ್ಲಿ ಹೇಳಿದೆ: ಬಾಳೆಯ ಬೂದಿಯ ಕ್ಷಾರವನ್ನು ಮಜ್ಜಿಗೆಯಲ್ಲಿ ಕಲಸಿ ಒಂದು ದಿನ ಇಟ್ಟುದು, ಎಕ್ಕೆಯ ಹಾಲು ಸೇರಿದ ಲೇಪ, ಹೀಗೆ. ಶಾಸ್ತ್ರದಲ್ಲಿ ಇದಕ್ಕೆ ಪಾನವೆಂದು ಹೆಸರು. ಮರಾಠಿಯ ಕಸಬುದಾರರು ಇಂದಿಗೂ ‘ಪಾಣೀ ದೇಣೇ’ ಎನ್ನುವರು. ಕಬ್ಬಿಣಕ್ಕೂ ಬಾಯಾರಿಕೆಯುಂಟೆಂಬ ಈ ಭಾವನೆಯು ಸೊಗಸಾದುದು. ಆದರೆ ಆ ಶ್ಲೋಕಗಳನ್ನು ಕಂಠಪಾಠ ಮಾಡಿದ ಪಾಠಶಾಲೆಯ ಜಾಣನನ್ನು ಕುಲುಮೆಯ ಮುಂದೆ ನಿಲ್ಲಿಸಿದರೆ, ಕೆಂಪಿನಲ್ಲಿಯೂ ಹಲವು ಬಗೆಗಳುಂಟೆಂಬದನ್ನು ಅವನು ಅಲ್ಲಿಯೇ ಮೊದಲು ಕಲಿಯಬೇಕಾಗುವದು.

ಕಲಿಸುವವರಿಗೇನು ಈ ನಾಡಿನಲ್ಲಿ ಬರವಿರಲಿಲ್ಲ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆದಾಗ ದೊರೆತ ಕಬ್ಬಿಣದ ಆಯುಧಗಳು ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯವೆಂದು ಗಣಿಸಲ್ಪಟ್ಟಿವೆ. ದಕ್ಷಿಣದ ಮೂಸೆಯುಕ್ಕು ಪರದೇಶಕ್ಕೆ ಹೋಗಿ ‘ವೂಟ್ಸ್’ ಎನಿಸಿಕೊಂಡಿತು. ನಮ್ಮ ‘ಉಕ್ಕು’ ಶಬ್ದವೇ ಹಾಗೆ ಕೆಟ್ಟಿತೆಂದು ಹಲವು ವಿದ್ವಾಂಸರ ಮತ. 1795ರಲ್ಲಿ ಪಿಯರ್ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸಾಯಿಟಿಯಲ್ಲಿ ಅದನ್ನು ಕುರಿತು ಪ್ರಬಂಧವನ್ನೋದಿದನು. 1820ರ ಸುಮಾರಿಗೆ ಸ್ಟೋಡಾರ್ಟನೆಂಬ ಚೂರಿಗಾರನೂ ಫ್ಯಾರಡೆಯೂ ಕೂಡಿ ಅದರ ಗುಟ್ಟನ್ನು ಬಿಡಿಸಲು ಪ್ರಯೋಗಗಳನ್ನು ನಡೆಯಿಸಿದರು. ಈ ಫ್ಯಾರಡೆಯು ಕಂಬಾರನ ಮಗನೆಂಬದನ್ನು ನೆನೆಯಬೇಕು. ನಮ್ಮಲ್ಲಿ ಆ ಉಕ್ಕನ್ನು ಕಾಸಿದವರೊಬ್ಬರ ಹೆಸರಾದರೂ ಯಾವ ಗ್ರಂಥದಲ್ಲಿ ಉಳಿದಿದೆ? ಊರ ಕಂಬಾರನಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿದ್ದಿತು. ಕುಲುಮೆಯಲ್ಲಿ ಕುಳಿತು ಅವನು ಹೇಳುವದನ್ನು ಬರೆದುಕೊಳ್ಳಲು ಓದಿದವರಿಗೆ ಬಿಡುವಿರಲಿಲ್ಲ.

ಈ ಹವ್ಯಾಸದಿಂದ ಕಂಬಾರಿಕೆಯು ಉಳಿಯುವದೆಂದು ನಂಬುವದು ಭ್ರಮೆ. ಹವ್ಯಾಸಿಯು ಒಂದು ಚೂರಿಗೆ ನಾಲ್ಕು ರವಿವಾರಗಳನ್ನು ಕಳೆಯಬಲ್ಲನು. ಕಂಬಾರನು ಹಾಗೆ ಕಳೆದರೆ ಅವನ ಮನೆಯ ಒಲೆ ಉರಿಯದು. ಹವ್ಯಾಸಿಯ ಡೊಂಕು ಅಲಗನ್ನು ನೆಂಟರು ಕೈಯಿಂದ ಕೈಗೆ ದಾಟಿಸಿ ಹೊಗಳುವರು. ಅವರೇ ಸಂತೆಯಲ್ಲಿ ಕಂಬಾರನ ನೆಟ್ಟನೆಯ ಕುಡುಗೋಲಿಗೆ ಹತ್ತು ರೂಪಾಯಿ ಇಳಿಸೆಂದು ಚೌಕಾಶಿ ಮಾಡುವರು. ಆದರೆ ನಾಲ್ಕು ಅಲಗು ಕೆಡಿಸಿದವನು ಮಾತ್ರ ಆ ಚೌಕಾಶಿಗೆ ಬಾಯಿ ತೆರೆಯಲಾರನು.

ಎಣ್ಣೆಯಿಂದ ಬಾಗಿ ಬಂದ ಅಲಗನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು ಅವನು ಹಳೆಯ ಕುಲುಮೆಯನ್ನು ಹುಡುಕಿ ಹೋಗುವನು. ಅಲ್ಲಿಯ ಮುದುಕನು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡುವನು, ಉಗುರಿನಿಂದ ತಟ್ಟಿ ನಾದವನ್ನು ಕೇಳುವನು, ಬಿರುಕಿಲ್ಲವೆಂದು ತಲೆದೂಗುವನು. “ಎಣ್ಣ್ಯಾಗ ಅಡ್ಡ ಇಳಿಸೀರೇನ್ರಿ ಸಾಹೇಬ್ರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದನ್ನು ಮತ್ತೆ ಇದ್ದಿಲಿನೊಳಗೆ ಹೂಳುವನು.