ಬಂಗಾರದ ಕಣವೂ ಅಮ್ಮನ ಜ್ವರವೂ

ಸರಕಾರಿ ಕಚೇರಿಯ ಗುಮಾಸ್ತರಾದ ನಮಗೆ ‘ಮೂರು ದಿನ ಬಿಟ್ಟು ಬನ್ನಿ’ ಎಂಬ ಮಾತು ಹೊಸದಲ್ಲ. ಫೈಲಿಗೂ ತನ್ನದೇ ಆದ ನಡಿಗೆಯುಂಟು. ಅದನ್ನು ಯಾರೂ ಓಡಿಸಲಾರರು. ಆದರೆ 2022ರ ಮಳೆಗಾಲದಲ್ಲಿ ಅದೇ ಮಾತು ಪ್ರಯೋಗಾಲಯವೊಂದರ ಕಿಟಕಿಯಿಂದ ನಮ್ಮ ಕಿವಿಗೆ ಬಿದ್ದಾಗ, ಮೂರು ದಿನವೆಂದರೆ ಎಷ್ಟು ಉದ್ದವೆಂಬುದು ತಿಳಿಯಿತು.

ಊರಿನಿಂದ ಮುಂಬಯಿಗೆ ಬಂದಿದ್ದ ಅಮ್ಮನಿಗೆ ಚಳಿಜ್ವರ, ಉರಿಮೂತ್ರ. ವಯಸ್ಸು ಎಪ್ಪತ್ತೆರಡು. ಡಾಕ್ಟರು ಮೂತ್ರದ ಕಲ್ಚರ್ ಮಾಡಿಸಲು ಹೇಳಿ, ವರದಿ ಬರುವತನಕ ಇರಲೆಂದು ಅಂದಾಜಿನ ಮೇಲೆ ಒಂದು ಮಾತ್ರೆ ಬರೆದುಕೊಟ್ಟರು. ಜ್ವರ ಇಳಿಯಲಿಲ್ಲ. ಎರಡನೆಯ ರಾತ್ರಿ ಅಮ್ಮ, ತೀರಿಹೋದ ನಮ್ಮ ತಂದೆಯವರನ್ನು ‘ಏನೂಂದ್ರೆ, ಏನೂಂದ್ರೆ’ ಎಂದು ಕರೆಯತೊಡಗಿದಳು. ಮನೆಯಲ್ಲಿ ಯಾರೂ ಮಲಗಲಿಲ್ಲ. ಮೂರನೆಯ ದಿನ ವರದಿ ಬಂತು: ಇರುವುದು ಇ. ಕೋಲೈ, ಕೊಡುತ್ತಿದ್ದ ಮಾತ್ರೆ ಅದಕ್ಕೆ ತಾಗದು. ಔಷಧ ಬದಲಾಯಿತು, ಅಮ್ಮ ಉಳಿದಳು.

ತಡವಾದದ್ದು ಪ್ರಯೋಗಾಲಯದವರ ಆಲಸ್ಯದಿಂದಲ್ಲ. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಕ್ಕೆ ತಟ್ಟೆಯಲ್ಲಿ ಆಹಾರವಿಟ್ಟು, ನಮ್ಮ ಮೈಯಷ್ಟೇ ಬೆಚ್ಚಗೆ, ಸುಮಾರು 37 ಡಿಗ್ರಿಯಲ್ಲಿ, ಅದರ ಸಂಸಾರ ಬೆಳೆಯುವುದನ್ನು ಕಾಯಬೇಕು. ಅನುಕೂಲವಿದ್ದರೆ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಆದರೂ ಚುಕ್ಕೆಯಾಗಿ ಕಾಣಲು ಒಂದು ರಾತ್ರಿ ಬೇಕು. ಯಾವ ಮದ್ದಿಗೆ ಮಣಿಯುತ್ತದೆಂದು ನೋಡಲು ಸಾಮಾನ್ಯವಾಗಿ ಇನ್ನೊಂದು ದಿನ.

ಈ ಕಾಯುವಿಕೆಯನ್ನು ಮೊಟಕು ಮಾಡುವ ಉಪಾಯವನ್ನು ವಿಜ್ಞಾನಿಗಳು ಹುಡುಕುತ್ತಿರುವರೆಂದು ಆಮೇಲೆ ಓದಿ ತಿಳಿದೆವು. ಅದಕ್ಕೆ ಬೇಕಾದದ್ದು ಬಂಗಾರ! ಗಾಬರಿ ಬೇಡ, ತೊಲದ ಲೆಕ್ಕದಲ್ಲಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ಸುಮಾರು 20 ನ್ಯಾನೋಮೀಟರಿನ ಬಂಗಾರದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವಾಗ, ನೀರು ದಾಳಿಂಬೆಯ ರಸದಂತೆ ಕೆಂಪಗಿರುತ್ತದೆ. ಈ ಕೆಂಪು ನೀರನ್ನು ಫ್ಯಾರಡೆ 1857ರಲ್ಲಿಯೇ ವರ್ಣಿಸಿದ್ದ. ಅದೇ ಕಣಗಳು ಒತ್ತೊತ್ತಾಗಿ ಸೇರಿದರೆ ಬಣ್ಣ ನೇರಳೆಗೆ, ನೀಲಿಗೆ ತಿರುಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯವನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಕಣಗಳಿಗೆ ಅಂಟಿಸಿಟ್ಟರೆ, ಅವು ಹೋಗಿ ಅದರ ಮೈಗೆ ಮುತ್ತುತ್ತವೆ; ಬಣ್ಣ ಬದಲಾಗಿ ಗುಟ್ಟು ರಟ್ಟಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯ ಕೆಂಪು ಗೆರೆಯೂ ಹಲವು ಕಿಟ್ಟುಗಳಲ್ಲಿ ಇಂಥ ಬಂಗಾರದ್ದೇ.

ಇನ್ನೊಂದು ದಾರಿಗೆ ನಮ್ಮ ಕಚೇರಿಯವರೆಲ್ಲ ಹೆಮ್ಮೆ ಪಡಬಹುದು. ಸಿ. ವಿ. ರಾಮನ್ 1907ರಿಂದ ಹತ್ತು ವರ್ಷ ಸರಕಾರದ ಹಣಕಾಸು ಇಲಾಖೆಯ ನೌಕರರು. ಕಲ್ಕತ್ತೆಯಲ್ಲಿದ್ದಾಗ ಕಚೇರಿಗೆ ಹೋಗುವ ಮೊದಲೂ ಬಂದ ಮೇಲೂ ಬೌಬಜಾರಿನ ವಿಜ್ಞಾನ ಸಂಘದಲ್ಲಿ ಪ್ರಯೋಗ ಮಾಡುತ್ತಿದ್ದರು. (ನಾವು ಆ ಹೊತ್ತಿನಲ್ಲಿ ಲೋಕಲ್ ರೈಲಿನಲ್ಲಿ ನೇತಾಡುತ್ತಿರುತ್ತೇವೆ.) 1928ರಲ್ಲಿ ಅವರು ಕಂಡ ಪರಿಣಾಮದಿಂದ, ಚದರಿದ ಬೆಳಕನ್ನು ನೋಡಿ ವಸ್ತುವಿನ ಗುರುತು ಹಿಡಿಯಬಹುದು. ಆ ಬೆಳಕು ಬಲು ಕ್ಷೀಣ. ಬೆಳ್ಳಿ ಬಂಗಾರದ ಕಣಗಳ ಪಕ್ಕದಲ್ಲಿ ಅದು ಎಷ್ಟೋ ಪಾಲು ಹೆಚ್ಚುವುದರಿಂದ, ಬ್ಯಾಕ್ಟೀರಿಯಗಳ ‘ರುಜು’ವನ್ನು ಓದುವ ಯತ್ನ ನಡೆದಿದೆ.

ಹಾಗೆಂದು ಕಲ್ಚರಿನ ತಟ್ಟೆಯನ್ನು ಎಸೆಯುವ ಕಾಲ ಬಂದಿಲ್ಲ. ಬ್ಯಾಕ್ಟೀರಿಯ ತೀರ ಕಡಿಮೆಯಿದ್ದರೆ ಬಣ್ಣ ತಿರುಗದೆ ಹೋಗಬಹುದು. ರಕ್ತ, ಕೀವುಗಳಲ್ಲಿರುವ ಬೇರೆ ವಸ್ತುಗಳು ದಾರಿ ತಪ್ಪಿಸಬಹುದು. ‘ಇಂಥವನು ಇದ್ದಾನೆ’ ಎಂದು ಹೇಳುವ ಬಣ್ಣ, ‘ಈ ಮದ್ದಿಗೆ ಸಾಯುತ್ತಾನೆ’ ಎಂದು ಹೇಳಲಾರದು. ಅಮ್ಮನಿಗೆ ಬೇಕಾಗಿದ್ದುದು ಆ ಎರಡನೆಯ ಉತ್ತರ. ಅದನ್ನೂ ಬೇಗ ತಿಳಿಯುವ ಸಂಶೋಧನೆ ಸಾಗಿದೆ.

ಅದು ಕೈಗೆ ಬರುವತನಕ ನಮ್ಮಂಥವರು ಮಾಡಬೇಕಾದದ್ದು ಸ್ವಲ್ಪವೇ: ಡಾಕ್ಟರು ಕಲ್ಚರಿಗೆ ಹೇಳಿದರೆ, ಸಾಧ್ಯವಾದ ಮಟ್ಟಿಗೆ ಮಾತ್ರೆ ನುಂಗುವ ಮೊದಲೇ ಕೊಡುವುದು, ನೆರೆಮನೆಯಲ್ಲಿ ಮಿಕ್ಕ ಮಾತ್ರೆಯನ್ನು ಮುಟ್ಟದಿರುವುದು, ಮುದುಕರ ಜ್ವರವನ್ನು ನಾಳೆಗೆ ತಳ್ಳದಿರುವುದು.