ಬಿಕಾಂ ನೋಟ್ಸಿನ ಅಂಚಲ್ಲಿ – 7: ತಾತನ ಗೂಡು, ಅಪ್ಪನ ಮಗ್ಗ

ಮೊದಲ ಫೋಟೋ ನೋಡಿ. ಹಳದಿ ರೇಷ್ಮೆ ಗೂಡು, ಹಿಡಿದಿರೋದು ನನ್ನ ತಾತನ ಅಂಗೈ. ರಾಮನಗರದ ಹತ್ರದ ಊರು, ಅಮ್ಮನ ತವರು. ಈಗ ಸ್ವೈಪ್ ಮಾಡಿ. ಎರಡನೇದು ದೊಡ್ಡಬಳ್ಳಾಪುರ, ನಮ್ಮ ಮನೆ, ಅಪ್ಪನ ಪವರ್‌ಲೂಮ್. ಈ ಎರಡು ಫೋಟೋಗಳ ಮಧ್ಯೆ ನನ್ನ ಈ ಸೆಮಿಸ್ಟರಿನ ಒಂದು ಇಡೀ ಪೇಪರ್ ಕೂತಿದೆ. ಕ್ಯಾಪ್ಶನ್ ಉದ್ದ ಆಗುತ್ತೆ, ಮೊದಲೇ ಹೇಳ್ಬಿಟ್ಟೆ.

ಪೇಪರಿನ ಹೆಸರು ಅಂತಾರಾಷ್ಟ್ರೀಯ ವ್ಯಾಪಾರ. ಶುರುವಾಗೋದು ಡೇವಿಡ್ ರಿಕಾರ್ಡೊ 1817ರಲ್ಲಿ ಬರೆದ ಲೆಕ್ಕದಿಂದ. ಒಂದಷ್ಟು ವೈನ್ ಮಾಡೋಕೆ ಪೋರ್ಚುಗಲ್ಲಿಗೆ ವರ್ಷಕ್ಕೆ 80 ಜನ ಸಾಕು, ಬಟ್ಟೆಗೆ 90. ಅದೇ ಕೆಲಸಕ್ಕೆ ಇಂಗ್ಲೆಂಡಿಗೆ ವೈನಿಗೆ 120, ಬಟ್ಟೆಗೆ 100 ಜನ ಬೇಕು. ಎರಡರಲ್ಲೂ ಪೋರ್ಚುಗಲ್ಲೇ ಮುಂದೆ. ಮತ್ತೆ ಅದು ಇಂಗ್ಲೆಂಡಿನಿಂದ ಯಾಕೆ ಕೊಳ್ಬೇಕು? ಯಾಕಂದ್ರೆ 80 ಜನರ ವೈನ್ ಕೊಟ್ಟು, ತಾನೇ ಮಾಡಿದ್ರೆ 90 ಜನ ಬೇಕಾಗ್ತಿದ್ದ ಬಟ್ಟೆ ತಗೋಬಹುದು. ಇಂಗ್ಲೆಂಡೂ 100 ಜನರ ಬಟ್ಟೆ ಕೊಟ್ಟು, 120 ಜನರ ವೈನ್ ಕುಡಿಯಬಹುದು. ಮೊದಲ ಸಲ ಕಣ್ಕಟ್ಟು ಅನ್ನಿಸ್ತು. ಮೂರನೇ ಸಲ ನಾನೇ ಲೆಕ್ಕ ಹಾಕಿದಾಗ ಎಷ್ಟು ಚೆಂದ ಇದೆಯಲ್ಲ ಅನ್ನಿಸ್ತು. ಪೋರ್ಚುಗಲ್ಲಿನ ನೇಕಾರ ಮಾರನೇ ದಿನ ದ್ರಾಕ್ಷಿ ತೋಟಕ್ಕೆ ಹೋಗಿ ನಿಲ್ತಾನೆ ಅನ್ನೋದನ್ನ ನಾವೂ ಪ್ರಶ್ನೆ ಮಾಡ್ಲಿಲ್ಲ, ಸರ್ ಕೂಡ ಮುಂದಿನ ಪುಟಕ್ಕೆ ಹೋದ್ರು.

ಆಮೇಲೆ ಬಂತು ಆಮದು ಸುಂಕದ ಪಾಠ. ಉದಾಹರಣೆಗೆ ಸರ್ ಬರೆದದ್ದು: ಕಚ್ಚಾ ರೇಷ್ಮೆ, 2011ರ ಕೇಂದ್ರ ಬಜೆಟ್, ಸುಂಕ 30 ಪರ್ಸೆಂಟಿನಿಂದ 5ಕ್ಕೆ. ನನ್ನ ಪೆನ್ನು ಅಲ್ಲೇ ನಿಂತ್ಕೊಂತು. ಆಗ ನಂಗೆ ಆರು ವರ್ಷ. ತಾತ ಹಿಪ್ಪುನೇರಳೆ ಕೀಳಿಸಿದ ವರ್ಷ ಅದು.

ರೇಷ್ಮೆ ಸಾಕಿದ ಮನೆ ನೀವು ನೋಡಿಲ್ಲ ಅಂದ್ರೆ ಸ್ವಲ್ಪ ಹೇಳ್ತೀನಿ. ಹುಳಕ್ಕೆ ನಾಲ್ಕು ಜ್ವರ ಬರುತ್ತೆ. ಕಾಯಿಲೆ ಅಲ್ಲ, ಪೊರೆ ಬಿಡೋ ಹೊತ್ತಿಗೆ ನಮ್ಮೋರು ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ತಿನ್ನೋ ಸದ್ದು ಮಳೆ ಹುಯ್ದ ಹಾಗೇ ಕೇಳ್ಸುತ್ತೆ. ಮನೆಮಂದಿಗೆ ನಿದ್ದೆ ಇರಲ್ಲ. ಹಣ್ಣಾದ ಹುಳನ ಆರಿಸಿ ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟಿದ ಮೇಲೆ ಬಿಡಿಸಿ ಮಾರ್ಕೆಟ್ಟಿಗೆ ಓಡ್ಬೇಕು. ತಡ ಆದ್ರೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಹೊರಗೆ ಬರುತ್ತೆ, ಆ ಗೂಡಿಂದ ನೂಲು ಎಳೆಯೋಕಾಗಲ್ಲ. ಅಂದ್ರೆ ರೇಟು ಇಲ್ಲ ಅಂತ ಗೂಡನ್ನ ವಾಪಸ್ ತಂದು ಅಟ್ಟದ ಮೇಲಿಡೋ ಹಾಗಿಲ್ಲ. ಅವತ್ತು ಹರಾಜಲ್ಲಿ ಕೂಗಿದ್ದೇ ರೇಟು. ನಮ್ಮ ಪುಸ್ತಕದಲ್ಲಿ ಪೂರೈಕೆ ರೇಖೆ ಓರೆಯಾಗಿ ಮೇಲೇರುತ್ತಲ್ಲ, ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿ ಅದು ಗೋಡೆ ಥರ ನೆಟ್ಟಗೆ ನಿಂತಿರುತ್ತೆ.

ಚೀನಾ ನೂಲು ಅಗ್ಗ ಆಯ್ತು. ರೀಲರುಗಳು ತಮ್ಮ ನೂಲಿನ ರೇಟು ಇಳಿಸಬೇಕಾಯ್ತು, ಹಾಗಾಗಿ ಗೂಡಿಗೆ ಕಡಿಮೆ ಕೂಗಿದ್ರು. ಅರ್ಧಕ್ಕೂ ಕೆಳಗೆ ಬಂತು ಅಂತಾರೆ ತಾತ. ಎರಡು ಬೆಳೆ ನೋಡಿದ್ರು. ಮೂರನೇದಕ್ಕೆ ಜೆಸಿಬಿ ಕರೆಸಿದ್ರು. ಹುಳು ಮನೆ ದನದ ಕೊಟ್ಟಿಗೆ ಆಯ್ತು.

ಅದೇ ವರ್ಷ ಅಪ್ಪ ಎರಡನೇ ಮಗ್ಗ ಹಾಕಿದ್ರು. ಚೀನಾ ನೂಲು ಹಾಸಿಗೆ ಹೇಳಿ ಮಾಡಿಸಿದ ಹಾಗಿರುತ್ತೆ, ಪವರ್‌ಲೂಮಲ್ಲಿ ಕಮ್ಮಿ ಕಿತ್ಹೋಗುತ್ತೆ. ಅದೂ ಅಗ್ಗಕ್ಕೆ ಸಿಕ್ಕಿದ್ರೆ ಯಾರು ಬಿಡ್ತಾರೆ? ನನ್ನ ಸ್ಕೂಲ್ ಫೀಸು ಬಂದಿದ್ದು ಆ ಎರಡನೇ ಮಗ್ಗದಿಂದ.

ಸುಂಕದ ಡಯಾಗ್ರಾಂ ಬರೆದೋರಿಗೆ ಗೊತ್ತಿರುತ್ತೆ. ಎರಡು ಬೆಲೆಗಳ ಗೆರೆ ನಡುವೆ ನಾಲ್ಕು ತುಂಡು. ಸುಂಕ ಇದ್ದಾಗ ಎಡಗಡೆದು ಬೆಳೆಯೋನಿಗೆ, ಆಯತ ಸರ್ಕಾರಕ್ಕೆ, ಎರಡು ಪುಟ್ಟ ತ್ರಿಕೋನ ಯಾರಿಗೂ ಇಲ್ಲದೆ ಹಾಳು. ಸುಂಕ ತೆಗೆದ್ರೆ ನಾಲ್ಕೂ ಕೊಳ್ಳೋನಿಗೆ. ದೇಶಕ್ಕೆ ಉಳಿಯೋ ನಿವ್ವಳ ಲಾಭ ಆ ಎರಡು ತ್ರಿಕೋನ. ಎಡಗಡೆ ತುಂಡು ಒಬ್ಬರ ಜೇಬಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತೆ ಅಷ್ಟೇ, ಅದು ಬರೀ ವರ್ಗಾವಣೆ ಅಂತ ಪುಸ್ತಕ ಒಂದೇ ಸಾಲಲ್ಲಿ ಮುಗಿಸುತ್ತೆ. ನಮ್ಮನೇಲಿ ಆ ತುಂಡು ತಾತನ ಜೇಬಿಂದ ಅಪ್ಪನ ಜೇಬಿಗೆ ಬಂತು. ಅಲ್ಲಿಂದ ನನ್ನ ಯೂನಿಫಾರ್ಮಿಗೆ.

1939ರಲ್ಲಿ ಕಾಲ್ಡೋರ್, ಹಿಕ್ಸ್ ಅನ್ನೋ ಇಬ್ಬರು ಇದಕ್ಕೊಂದು ಉತ್ತರ ಕೊಟ್ರು. ಗೆದ್ದವರು ಸೋತವರ ನಷ್ಟ ತುಂಬಿಕೊಟ್ಟ ಮೇಲೂ ಅವರ ಹತ್ರ ಮಿಗೋ ಹಾಗಿದ್ರೆ ಆ ಬದಲಾವಣೆ ಒಳ್ಳೇದೇ. ತುಂಬಿಕೊಡಲೇಬೇಕು ಅಂತಿಲ್ಲ, ಕೊಡೋಕಾಗೋ ಹಾಗಿದ್ರೆ ಸಾಕು. ಈ 'ಹಾಗಿದ್ರೆ ಸಾಕು' ನಂಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಅವತ್ತು ರಾತ್ರಿ ಅಪ್ಪನ್ನ ಕೇಳೇಬಿಟ್ಟೆ. ಕೇಳಿದ ದನಿ ಸರಿ ಇರ್ಲಿಲ್ಲ, ಒಪ್ಕೋತೀನಿ. ಅಪ್ಪ ಮಗ್ಗ ಆಫ್ ಮಾಡಿದ್ರು. "ಸುಂಕ ಇಳಿಸಿದ್ದು ನಾನಾ? ನಾನೊಬ್ಬ ದುಬಾರಿ ನೂಲು ತಗೊಂಡಿದ್ರೆ ನಿಮ್ಮ ತಾತನ ಗೂಡಿಗೆ ರೇಟು ಬರ್ತಿತ್ತಾ?" ಎರಡಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ.

ಅಮ್ಮ ಅಡುಗೆಮನೆಯಿಂದಲೇ ಹೇಳಿದ್ರು: "ಆ ವರ್ಷ ನಿಮ್ಮಪ್ಪ ದುಡ್ಡು ತಗೊಂಡು ಊರಿಗೆ ಹೋಗಿದ್ರು ಕಣೇ. ತಾತ ಊಟಕ್ಕೆ ಹಾಕಿ, ಕವರು ಹಾಗೇ ವಾಪಸ್ ಕಳಿಸಿದ್ರು. ಅಳಿಯನ ಮುಂದೆ ಕೈ ಒಡ್ಡೋದಾ ಅಂದ್ರು."

ಹದಿನಾಲ್ಕು ವರ್ಷ ನನ್ನ ಹತ್ರ ಯಾರೂ ಈ ಮಾತು ಎತ್ತಿರ್ಲಿಲ್ಲ. ಕಾಲ್ಡೋರ್ ಸಾಹೇಬರ ಲೆಕ್ಕದಲ್ಲಿ ಕೊಡೋನು ಕೊಡೋಕೆ ಬಂದೂ ತಗೊಳ್ಳೋನು ಬೇಡ ಅಂದ್ರೆ ಏನು ಅನ್ನೋದಕ್ಕೆ ಜಾಗ ಇಲ್ಲ. ತಾತನಿಗೆ ಬೇಕಿದ್ದದ್ದು ದುಡ್ಡೂ ಅಲ್ವೇನೋ. ನಲವತ್ತು ವರ್ಷ ಹುಳದ ಜ್ವರ ನೋಡಿದ ಕಣ್ಣಿಗೆ ಬೇರೆ ಕೆಲಸ ಯಾರು ಕೊಡ್ತಾರೆ?

ಸುಂಕ 2013ರಲ್ಲಿ 15ಕ್ಕೆ ಏರ್ತು, ನಡುವೆ 10ಕ್ಕೆ ಇಳೀತು, 2021ರಲ್ಲಿ ಮತ್ತೆ 15 ಆಯ್ತು. ಆಮೇಲೆ ಮಾವ ಅರ್ಧ ಎಕರೆಗೆ ಮತ್ತೆ ಹಿಪ್ಪುನೇರಳೆ ಹಾಕಿದ್ರು. ಇತ್ತ ಅಪ್ಪ ನೂಲಿನ ರೇಟು ನೋಡಿ ಗೊಣಗ್ತಾರೆ. ಪ್ರತಿ ಭಾನುವಾರ ಅಪ್ಪ, ತಾತ ಫೋನಲ್ಲಿ ಮಾತಾಡ್ತಾರೆ. ಮಳೆ ಬಂತಾ, ಹಸು ಕರು ಹಾಕ್ತಾ, ಮಂಡಿ ನೋವು ಹೆಂಗಿದೆ. ರೇಷ್ಮೆ ಸುದ್ದಿ ಮಾತ್ರ ಇಬ್ಬರೂ ಎತ್ತಲ್ಲ.

ಮೂರನೇ ಫೋಟೋ ಇಂಟರ್ನಲ್ಸ್ ಉತ್ತರ ಪತ್ರಿಕೆ. ಡಯಾಗ್ರಾಂ ಸರಿ ಇದೆ, ಹತ್ತಕ್ಕೆ ಎಂಟು. ಎಡಗಡೆ ತುಂಡಿಗೆ ನಾನು ಪೆನ್ಸಿಲಲ್ಲಿ ಹೆಸರು ಬರೆದಿದ್ದೆ, ತಾತ ಅಂತ. ಸರ್ ಅದರ ಸುತ್ತ ಕೆಂಪು ಇಂಕಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.